ಎಡ ಹಿಂದಿನ ಮೂಲೆಯ ಸ್ಪೀಕರ್

ದಾಂಡೇಲಿಯ ಅರ್ಧ ಊರಿನ ಹೆಂಗಸರ ಭುಜದ ಅಳತೆ ನನ್ನ ತಲೆಯಲ್ಲಿದೆ. ಮಾತಾಡುತ್ತಲೇ ಸೂಜಿಗೆ ದಾರ ಪೋಣಿಸುತ್ತೇನೆ. ಹೊಲಿಗೆ ಯಂತ್ರ ಕೆಟ್ಟರೆ ನಾನೇ ಬಿಚ್ಚಿ, ನಾನೇ ಎಣ್ಣೆ ಬಿಟ್ಟು, ನಾನೇ ಜೋಡಿಸುತ್ತೇನೆ. ಜೋಡಿಸಿದ ಮೇಲೆ ಒಂದೆರಡು ಸ್ಕ್ರೂ ಕೈಯಲ್ಲೇ ಉಳಿಯುತ್ತವೆ, ಅದು ಬೇರೆ ಮಾತು. ಇಂಥವಳಿಗೆ ಐದು ಸ್ಪೀಕರುಗಳಿಗೆ ವೈರು ಸಿಕ್ಕಿಸುವುದು ಎಂಥ ದೊಡ್ಡ ಕೆಲಸ, ನೀವೇ ಹೇಳಿ! ನಾನೂ ಹಾಗೆಯೇ ಅಂದುಕೊಂಡಿದ್ದೆ.

ನಮ್ಮ ಮನೆಯವರು ಕಾಗದದ ಮಿಲ್ಲಿನಲ್ಲಿ ಆಯುಷ್ಯವೆಲ್ಲ ದುಡಿದು ಈ ಬೇಸಿಗೆಯಲ್ಲಿ ನಿವೃತ್ತರಾದರು. ಒಂದೆರಡು ತಿಂಗಳು ತಡವಾಗಿ ಇಟ್ಟುಕೊಂಡ ಬೀಳ್ಕೊಡುಗೆಯ ದಿನ ಅವರ ಪಾಳಿಯ ಗೆಳೆಯರೆಲ್ಲ ಸೇರಿ ಶಾಲು, ಹಾರದ ಜೊತೆಗೆ ದೊಡ್ಡದೊಂದು ರಟ್ಟಿನ ಡಬ್ಬಿ ಕೊಟ್ಟರು. ಅದರೊಳಗೆ ಹೋಮ್ ಥಿಯೇಟರ್!

"ಜೀವನಪೂರ್ತಿ ಮಷೀನ್ ಸಪ್ಪಳ ಕೇಳೀರಿ, ಇನ್ನ ಮ್ಯಾಲರ ಚಲೋ ಸಪ್ಪಳ ಕೇಳ್ರಿ," ಎಂದರು ಗೆಳೆಯರಲ್ಲಿ ಹಿರಿಯರಾದ ಪಾಟೀಲರು. "ಬರೂ ರವಿವಾರ ನಾವೆಲ್ಲಾ ಸಿನಿಮಾ ನೋಡಾಕ ನಿಮ್ಮ ಮನೀಗೆ ಬರ್ತೇವಿ ಮತ್ತ!"

ಮನೆಗೆ ಬಂದ ಮೇಲೆ ಇವರು ಡಬ್ಬಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಹಿಂದಿನ ಓಣಿ ಎಲೆಕ್ಟ್ರಿಷಿಯನ್‌ಗೆ ಹೇಳೂಣೇನು?" ಎಂದರು.

"ಯಾಕ, ನಾ ಇಲ್ಲೇನು?"

ಇವರು ನನ್ನ ಮುಖ ನೋಡಿದರು. ಹೊಲಿಗೆ ಯಂತ್ರವನ್ನೂ ಒಂದು ಸಲ ನೋಡಿದರು. ಮೊದಲೇ ಮೆದು ಮಾತಿನವರು. ಇತ್ತೀಚೆಗಂತೂ ಮಾತೇ ನಿಂತುಹೋಗಿತ್ತು. ನಾನು ಬೆಳಗಿನಿಂದ ಕಿಟಕಿಯ ಹತ್ತಿರ ಕೂತು ಹೊಲಿಯುವಾಗ ಇವರು ಪಕ್ಕದ ಕುರ್ಚಿಯಲ್ಲಿ ಪೇಪರ್ ಹಿಡಿದು ಕೂರುತ್ತಿದ್ದರು, ಒಂದು ಮಾತಿಲ್ಲ. ನಿವೃತ್ತಿಯಾದ ಗಂಡಸರು ಹೀಗೇ ಇರಬೇಕು ಎಂದು ನಾನೂ ಒಳಗೊಳಗೇ ಸಿಟ್ಟು ಮಾಡಿಕೊಂಡು ಪೆಡಲು ತುಳಿಯುತ್ತಿದ್ದೆ.

ಡಬ್ಬಿ ಬಿಚ್ಚಿದೆ. ಮುಂದೆ ಇಡಲು ಮೂರು ಸ್ಪೀಕರು, ಹಿಂದೆ ಇಡಲು ಎರಡು, ದಪ್ಪ ಸದ್ದಿಗೆಂದು ಒಂದು ದೊಡ್ಡ ವೂಫರ್. ಜೊತೆಗೆ ಒಂದು ಪುಸ್ತಕ. ಅದರಲ್ಲಿ ಜಗತ್ತಿನ ಎಲ್ಲ ಭಾಷೆಗಳಿದ್ದವು, ಕನ್ನಡ ಒಂದನ್ನು ಬಿಟ್ಟು. ಅದನ್ನು ಗೌರವದಿಂದ ಕಪಾಟಿನ ಮೇಲಿಟ್ಟೆ.

ವೈರುಗಳು ಗೋಡೆಯ ಮೇಲೆ ಹಾವಿನಂತೆ ಹರಿದಾಡುವುದು ನನಗೆ ಸೇರಲಿಲ್ಲ. ನಾನು ಟೇಲರ್! ಪರದೆಗೆ ಒಪ್ಪುವ ಮೆರೂನ್ ಬಟ್ಟೆಯಲ್ಲಿ ಉದ್ದನೆಯ ಕೊಳವೆ ಹೊಲಿದು, ಐದೂ ವೈರುಗಳನ್ನು ಅದರೊಳಗೆ ತೂರಿಸಿ, ಎರಡೂ ತುದಿಗೆ ಅಂದವಾಗಿ ಹೊಲಿಗೆ ಹಾಕಿದೆ. ನೋಡಲು ಎಷ್ಟು ಚಂದ! ಆಮೇಲೆ ಹೊಳೆಯಿತು. ಯಾವ ವೈರು ಯಾವ ಸ್ಪೀಕರಿನದು?

ಎಲ್ಲ ಹೊಲಿಗೆ ಬಿಚ್ಚಿದೆ. ಪ್ರತಿ ವೈರಿನ ಎರಡೂ ತುದಿಗೆ ಒಂದೊಂದು ಬಣ್ಣದ ದಾರ ಕಟ್ಟಿ ಮತ್ತೆ ಹೊಲಿದೆ. ಇವರು ಕುರ್ಚಿಯಲ್ಲಿ ಕೂತು ನೋಡುತ್ತಲೇ ಇದ್ದರು.

ಹಿಂದಿನ ಸ್ಪೀಕರುಗಳಿಗೆ ಗೋಡೆಗೆ ಮೊಳೆ ಹೊಡೆಯಬೇಕಿತ್ತು. ಸ್ಟೂಲಿನ ಮೇಲೆ ನಾನು, ಸ್ಟೂಲು ಹಿಡಿದುಕೊಂಡು ಇವರು. ಉತ್ಸಾಹದಿಂದ ಹೊಡೆದೆ. ಎರಡನೆಯ ಏಟಿಗೆ ಆಚೆ ಕಡೆ ಏನೋ ದಡಕ್ಕೆಂದು ಬಿತ್ತು. ಆ ಗೋಡೆಯ ಆಚೆ ಲೂಸಿಯ ಮನೆ. ಹಳಿಯಾಳ ಕಡೆಯ ಸಿದ್ದಿ ಮನೆತನದ ಹೆಣ್ಣುಮಗಳು. ಇಲ್ಲಿಯ ಅಂಗನವಾಡಿಯಲ್ಲಿ ಟೀಚರು. ನಮ್ಮ ಮನೆಗಳ ನಡುವೆ ಗೋಡೆ ಒಂದೇ, ಸಾಸಿವೆ ಡಬ್ಬಿಯೂ ಹೆಚ್ಚುಕಡಿಮೆ ಒಂದೇ.

ಲೂಸಿ ಬಾಗಿಲಲ್ಲಿ ಬಂದು ನಿಂತಳು. "ಅಕ್ಕಾ, ನಮ್ಮ ಗ್ವಾಡಿ ಮ್ಯಾಲಿನ ಗಡಿಯಾರ ಬಿತ್ತು. ನೀವು ಅರಾಮ ಅದೀರಿಲ್ಲೋ?"

"ಲೂಸಿ, ಇದು ಹೋಮ್ ಥಿಯೇಟರ್ ಕೂಡ್ಸೂ ಕೆಲಸ!"

"ಹಂಗಾರ ನಾ ಕನ್ನಡೀನೂ ತಗದ ಇಡ್ತೇನಿ," ಎಂದು ಅವಳು ಶಾಂತವಾಗಿ ಹೊರಟುಹೋದಳು.

ಅಂತೂ ಎಲ್ಲ ಜೋಡಿಸಿ ಟಿವಿ ಹಚ್ಚಿದೆ. ಮಳೆಯ ದೃಶ್ಯ ಬರುತ್ತಿತ್ತು. ಆಹಾ! ಕಣ್ಣು ಮುಚ್ಚಿದೆ. ಹಿಂದೆ ಮಳೆ, ಮುಂದೆ ಮಳೆ, ಸೀರೆ ನೆನೆಯಿತೇನೋ ಅನ್ನಿಸಿತು!

"ಕೇಳ್ರಿ, ಕೇಳ್ರಿ! ಇದಕ್ಕ ಅಂತಾರ ಥಿಯೇಟರ್!"

ಇವರು ಎದ್ದು ಬಂದು ರಿಮೋಟು ತೆಗೆದುಕೊಂಡು ಟಿವಿಯ ಧ್ವನಿಯನ್ನು ಪೂರ್ತಿ ಇಳಿಸಿದರು. ಮಳೆ ನಿಂತಿತು. ಅಷ್ಟೂ ಹೊತ್ತು ನಾನು ನೆನೆದದ್ದು ಹಳೇ ಟಿವಿಯದೇ ಸದ್ದಿನಲ್ಲಿ!

ಟಿವಿಯಿಂದ ಹೋಮ್ ಥಿಯೇಟರಿಗೆ ಹೋಗಬೇಕಾದ ಕೇಬಲ್ಲು ರಟ್ಟಿನ ಡಬ್ಬಿಯ ತಳದಲ್ಲೇ ನೆಮ್ಮದಿಯಾಗಿ ಮಲಗಿತ್ತು. ಅದನ್ನು ಸಿಕ್ಕಿಸಿದ ಕ್ಷಣ ವೂಫರ್ ಒಮ್ಮೆ "ಧಂ" ಎಂದಿತು. ಅದನ್ನು ಪಾತ್ರೆಯ ಸ್ಟ್ಯಾಂಡಿನ ಕೆಳಗಿಟ್ಟವಳು ನಾನೇ. ತಾಟುಗಳೆಲ್ಲ ಒಂದೇ ಸಮ ಕುಣಿದವು. ಮೇಲಿದ್ದ ಕಡಲೆಹಿಟ್ಟಿನ ಡಬ್ಬಿ ಮುಚ್ಚಳ ಬಿಚ್ಚಿಕೊಂಡು ಇವರ ತಲೆಯ ಮೇಲೆ ಬಿತ್ತು. ಹಿಟ್ಟಿನ ಮೋಡದೊಳಗಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ಆ ಕಣ್ಣುಗಳು ಆಗಲೂ ಏನೂ ಹೇಳಲಿಲ್ಲ.

ವೂಫರಿನ ಜಾಗ ಬದಲಿಸಿ, ನಡುವೆ ಕುರ್ಚಿ ಹಾಕಿಕೊಂಡು, ಗಂಭೀರವಾಗಿ ತಪಾಸಣೆಗೆ ಕೂತೆ. ಟಿವಿಯ ಮಗ್ಗುಲಲ್ಲೇ ಒತ್ತಾಗಿ ಇಟ್ಟಿದ್ದ ಮುಂದಿನ ಮೂರೂ ಸರಿ. ಬಲ ಹಿಂದಿನದು ಸರಿ. ಎಡ ಹಿಂದಿನ ಮೂಲೆಯದು? ಸದ್ದೇ ಇಲ್ಲ! ಅದೊಂದನ್ನೇ ಹಚ್ಚಿದಾಗ ಆಚೆ ಓಣಿಯಲ್ಲಿ ಯಾರೋ ಮಾತಾಡಿದ ಹಾಗೆ ಒಂದಿಷ್ಟು ಗುಸುಗುಸು.

"ಬರಾಕತ್ತೇತಲ್ಲ," ಎಂದರು ಇವರು, ತಲೆ ಒರೆಸಿಕೊಳ್ಳುತ್ತ.

"ಎಲ್ಲಿ ಬರಾಕತ್ತೇತ್ರಿ? ನಿಮಗ ಇನ್ನೊಮ್ಮೆ ಸ್ಟೂಲ್ ಹಿಡ್ಯಾಕ ಬ್ಯಾಸರ, ಅದಕ್ಕ ಸುಳ್ಳು ಹೇಳ್ತೀರಿ!"

ವೈರು ಬದಲಿಸಿದೆ. ಬಲಗಡೆಯ ಸ್ಪೀಕರನ್ನು ಎಡಕ್ಕೆ, ಎಡದ್ದನ್ನು ಬಲಕ್ಕೆ ತಂದೆ. ಬಲಕ್ಕೆ ಬಂದ ಕೂಡಲೇ ಸತ್ತ ಸ್ಪೀಕರು ಹಾಡಿತು. ಎಡಕ್ಕೆ ಹೋದ ಕೂಡಲೇ ಹಾಡುತ್ತಿದ್ದದ್ದು ಸತ್ತಿತು! ನನಗೆ ಆ ಮೂಲೆಯ ಮೇಲೇ ಸಂಶಯ ಬಂತು. ಮೂಲೆ ಗುಡಿಸಿ, ನೀರಿನಲ್ಲಿ ಒರೆಸಿ, ಒಂದು ಊದಿನಕಡ್ಡಿಯನ್ನೂ ಹಚ್ಚಿದೆ. ಸುಧಾರಿಸಲಿಲ್ಲ.

ಮರುದಿನ ಆ ಸ್ಪೀಕರನ್ನು ಮಗುವಿನಂತೆ ಸೆರಗಿನಲ್ಲಿ ಸುತ್ತಿಕೊಂಡು, ಡಬ್ಬಿಯ ಮೇಲೆ ಹೆಸರಿದ್ದ ಅಂಗಡಿಗೆ ಹೋದೆ. ಅಂಗಡಿಯವನು ಕೌಂಟರಿನ ಮೇಲಿಟ್ಟು ಹಚ್ಚಿದ. ಕೋಗಿಲೆಯ ಹಾಗೆ ಹಾಡಿತು!

"ಚಲೋ ಐತೆಲ್ರಿ ಅಕ್ಕಾರ."

"ನಿಮ್ಮ ಮುಂದ ಹಾಡ್ತೈತಿ. ನಮ್ಮ ಮನ್ಯಾಗ ಹಾಡಂಗಿಲ್ಲ!"

"ನಾಚಿಕಿ ಏನ್ರಿ ಅದಕ್ಕ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನ್ನ ಕಾಟ ತಡೆಯಲಾರದೆ ಅವನು ಹೊಸ ಸ್ಪೀಕರನ್ನೇ ಕೊಟ್ಟು ಕಳಿಸಿದ. ಮನೆಗೆ ತಂದು ಎಡ ಮೂಲೆಗೆ ತೂಗುಹಾಕಿದೆ. ಅದೂ ಗುಸುಗುಸು!

ರವಿವಾರ ಬಂದೇಬಿಟ್ಟಿತು. ಪಾಟೀಲರು, ಇವರ ಪಾಳಿಯ ಗೆಳೆಯರು, ಅವರ ಹೆಂಡಂದಿರು, ಲೂಸಿ, ಎಲ್ಲರೂ ಸೇರಿ ಮನೆ ತುಂಬಿತು. ಚುರಮರಿ, ಮಿರ್ಚಿ ಎಲ್ಲರ ಕೈಗೂ ಹೋಯಿತು. ಸಿನಿಮಾ ಶುರುವಾಯಿತು. ಪಾಟೀಲರು ಸುತ್ತಲೂ ನೋಡುತ್ತ, "ಭಾರಿ ಐತ್ರಿ ಸೌಂಡು! ಎಲ್ಲಾ ಕಡಿಂದ ಬರಾಕತ್ತೇತಿ!" ಎಂದು ಹಿಗ್ಗಿದರು.

ಅಲ್ಲಿಗೆ ಬಾಯಿ ಮುಚ್ಚಿಕೊಂಡು ಕೂತಿದ್ದರೆ ನನ್ನ ಮಾನ ಉಳಿಯುತ್ತಿತ್ತು. ನಾನು ಎದ್ದು ನಿಂತೆ.

"ತಪ್ಪು ತಿಳೀಬ್ಯಾಡ್ರಿ. ನೀವು ಕೊಟ್ಟಿದ್ದರಾಗ ಒಂದು ಕೆಟ್ಟೇತಿ. ಎಡಕಿನ ಹಿಂದಿಂದು. ಬದಲಿ ಮಾಡಿಸಿದ್ರೂ ಅದ ಹಣೇಬರಾ."

ಸಿನಿಮಾ ನಿಂತಿತು. ಪಾಟೀಲರ ಮುಖ ಸಣ್ಣದಾಯಿತು. ಪ್ರೀತಿಯಿಂದ ಆರಿಸಿ ತಂದ ಕಾಣಿಕೆ! ಒಬ್ಬೊಬ್ಬರೇ ಎದ್ದು ಹೋಗಿ ಆ ಮೂಲೆಗೆ ಕಿವಿಯಿಟ್ಟರು. "ಬರಾಕತ್ತೇತಿ", "ನನಗೂ ಕೇಳಸ್ತು", "ಸ್ವಚ್ಛ ಐತಿ". ಇಡೀ ಮನೆ ಒಂದು ಕಡೆ, ನಾನೊಬ್ಬಳು ಒಂದು ಕಡೆ. ಇವರು ಚುರಮರಿಯ ಬಟ್ಟಲು ನೋಡುತ್ತ ಕೂತಿದ್ದರು. ಅವರ ಕಿವಿ ಕೆಂಪಾಗಿತ್ತು. ಕೆಲಸದ ಗೆಳೆಯರ ಮುಂದೆ ಅವರ ತಲೆ ತಗ್ಗಿಸಿದೆನಲ್ಲ ಎಂದು ನನಗೆ ಆಗ ಹೊಳೆಯಿತು. ಆದರೂ ಕೇಳಿಸದ್ದನ್ನು ಕೇಳಿಸಿತು ಎನ್ನುವುದು ಹೇಗೆ?

ಆಗ ಲೂಸಿ ಎದ್ದು ಬಂದಳು. "ಅಕ್ಕಾ, ಒಂದ ನಿಮಿಷ. ಕುರ್ಚಿ ತಿರುವಿ, ಟಿವಿಗೆ ಬೆನ್ನು ಮಾಡಿ ಕುಂಡ್ರರಿ."

"ಯಾಕವ್ವ? ನಾ ಹಿಂದ ಮುಂದ ಸಿನಿಮಾ ನೋಡ್ಲೇನು?"

"ಕುಂಡ್ರರಿ ಅಕ್ಕಾ. ಅಂಗನವಾಡಿ ಕೂಸುಗಳೂ ಇಷ್ಟು ಹಟ ಮಾಡಂಗಿಲ್ಲ."

ಕೂತೆ. ಸಿನಿಮಾ ಮತ್ತೆ ಹಚ್ಚಿದರು. ಸತ್ತುಹೋಗಿದ್ದ ಸ್ಪೀಕರು ಈಗ ನನ್ನ ಬಲಗಡೆಗಿತ್ತು. ಗಂಟಲು ಬಿಚ್ಚಿ ಹಾಡುತ್ತಿತ್ತು! ಇಷ್ಟು ದಿನ ಚೆನ್ನಾಗಿದ್ದ ಇನ್ನೊಂದು ಕಡೆಯ ಸ್ಪೀಕರು ಒಮ್ಮೆಲೇ ಸುಮ್ಮನಾಗಿತ್ತು.

"ಈಗ ಆ ಕಡೀದು ಕೆಟ್ಟೇತಿ!" ಎಂದು ಕೂಗಿದೆ.

ಲೂಸಿ ನನ್ನ ಎಡ ಭುಜದ ಮೇಲೆ ಮೆಲ್ಲಗೆ ಕೈಯಿಟ್ಟು, ಬಲಗಡೆಗೆ ಬಂದು ಬಗ್ಗಿದಳು. "ಅಕ್ಕಾ, ಸ್ಪೀಕರ್ ಕೆಟ್ಟಿಲ್ಲ. ನಿಮ್ಮ ಎಡಗಿವಿ ಬಂದ್ ಆಗೇತಿ. ನೀರಿನ ನಳದ ಹತ್ರ ಆ ಕಡಿ ನಿಂತು ಮಾತಾಡಿದ್ರ ನೀವು ಹಾಂ ಹೂಂ ಅನ್ನಂಗಿಲ್ಲ. ಸಿಟ್ಟು ಬಂದೇತೇನೋ ಅಂತಿದ್ದೆ. ಈಗ ಗೊತ್ತಾತು."

ನಗುವವರು ನಗಬಹುದಿತ್ತು. ಒಬ್ಬರೂ ನಗಲಿಲ್ಲ. ಪಾಟೀಲರು, "ತಂಗೆವ್ವಾ, ನಾಳೆ ಮುಂಜಾನೆ ಮೊದಲ ದವಾಖಾನಿಗೆ ಹೋಗಿ ಬರ್ರಿ. ಸಿನಿಮಾ ಎಲ್ಲೂ ಹೋಗಂಗಿಲ್ಲ," ಎಂದರು. ಅವರ ಕಾಣಿಕೆಗೆ ನಾನು ಬಯ್ದ ಬೈಗುಳವನ್ನು ಅಷ್ಟರಲ್ಲಿ ಅವರು ಮರೆತೇಬಿಟ್ಟಿದ್ದರು. ನಾನು ಮರೆಯುವುದಿಲ್ಲ.

ಕಿವಿಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಬೆಳಕು ಬಿಟ್ಟು ನೋಡಿದರು. ಹುಬ್ಬೇರಿಸಿದರು. ಇನ್ನೊಮ್ಮೆ ನೋಡಿದರು. ನನ್ನ ಎದೆ ಹೊಲಿಗೆ ಯಂತ್ರದಂತೆ ಓಡುತ್ತಿತ್ತು. ಇವರು ನನ್ನ ಕೈ ಹಿಡಿದುಕೊಂಡಿದ್ದರು. ಮದುವೆಯ ನಂತರ ನಾಲ್ಕು ಜನರ ಎದುರಿಗೆ ಹಿಡಿದದ್ದು ಅದೇ ಮೊದಲು. ನರವೇ ಸತ್ತಿದೆ ಎಂದರೆ ಏನು ಗತಿ? ಆಪರೇಷನ್ನೋ? ಕಿವಿಗೆ ಮಷೀನೋ?

ಡಾಕ್ಟರು ಚಿಮುಟದಿಂದ ಏನನ್ನೋ ಹಿಡಿದು ಎಳೆದು ತಟ್ಟೆಯಲ್ಲಿ ಇಟ್ಟರು. ಕಪ್ಪಗಿನ ಒಂದು ಉಂಡೆ.

"ಹತ್ತಿ ರೀ ಇದು! ಯಾವಾಗ ಇಟ್ಕೊಂಡಿದ್ರಿ?"

ಆಗ ನೆನಪಾಯಿತು. ಚಳಿಗಾಲದಲ್ಲಿ ಮುಂಡಗೋಡ ತಾಲೂಕಿನ ಇಂದೂರಿಗೆ, ನನ್ನ ತಂಗಿಯ ಮನೆಗೆ, ಬೈಕಿನ ಮೇಲೆ ಹೋಗಿದ್ದೆವು. ವಾಪಸು ಬರುವಾಗ ಗಾಳಿ ಹೊಗಬಾರದೆಂದು ತಂಗಿ ಎರಡೂ ಕಿವಿಗೆ ಹತ್ತಿ ತುರುಕಿ ಕಳಿಸಿದ್ದಳು. ಮನೆ ಮುಟ್ಟಿ ಒಂದು ಕಿವಿಯದನ್ನು ತೆಗೆಯುವಷ್ಟರಲ್ಲಿ ಯಾರೋ ಮದುವೆಯ ರವಿಕೆಗೆ ಅಳತೆ ಕೊಡಲು ಬಂದರು. ಇನ್ನೊಂದು ಅಲ್ಲೇ ಸಂಸಾರ ಹೂಡಿತು!

ಡಾಕ್ಟರು ಕಿವಿ ತೊಳೆದರು. ಜಗತ್ತು ಒಮ್ಮೆಲೇ ಎಡಗಡೆಯಿಂದಲೂ ಒಳಗೆ ನುಗ್ಗಿತು. ಫ್ಯಾನಿನ ಕಿರಿಕಿರಿ, ಹೊರಗೆ ಬಸ್ಸಿನ ಹಾರ್ನು, ಮತ್ತೆ ಎಡಕ್ಕೆ ಕೂತಿದ್ದ ಇವರ ಉಸಿರು.

ಹೊರಗೆ ಬಂದು ಬೆಂಚಿನ ಮೇಲೆ ಕೂತೆವು. ಇವರು ನನ್ನ ಎಡಗಡೆ ಕೂತು ಮೆಲ್ಲಗೆ, "ಈಗ ಕೇಳಸ್ತೈತಿ?" ಎಂದರು.

"ಕೇಳಸ್ತೈತ್ರಿ."

"ದಿನಾ ನೀ ಹೊಲಿಯೂ ಮುಂದ, ಚಹಾ ಮಾಡ್ಲೇನು ಅಂತ ಕೇಳ್ತಿದ್ದೆ. ನೀ ತಲಿನೂ ಎತ್ತಲಿಲ್ಲ. ರಿಟೈರ್ ಆಗಿ ಮನ್ಯಾಗ ಕುಂತದ್ದು ನಿನಗ ಸೇರವಲ್ತು ಅನ್ಕೊಂಡೆ. ಆಮ್ಯಾಲೆ ಕೇಳೂದ ಬಿಟ್ಟೆ."

ಮೈತುಂಬ ಮಾತು ಇಟ್ಟುಕೊಂಡ ಮನುಷ್ಯ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ನಾನು ಅವನನ್ನು ಮೂಕ ಎಂದು ತಿಳಿದು ಬಟ್ಟೆಯ ಮೇಲೆ ಸಿಟ್ಟು ತೀರಿಸುತ್ತಿದ್ದೆ. ಆ ಗೆಳೆಯರು ಶಾಲು ಹೊದಿಸಿ ಸುಮ್ಮನೆ ಕಳಿಸಿದ್ದರೆ? ಲೂಸಿ ನನ್ನನ್ನು ಕುರ್ಚಿ ತಿರುಗಿಸಿ ಕೂರಿಸದಿದ್ದರೆ? ಇನ್ನೆಷ್ಟು ಕಾಲ ಹಾಗೇ ಕೂತಿರುತ್ತಿದ್ದೆವೋ. ದವಾಖಾನೆಯ ಬೆಂಚಿನ ಮೇಲೆ ಕೂತು ಅವರೆಲ್ಲರಿಗೂ ಮನಸ್ಸಿನಲ್ಲೇ ಕೈಮುಗಿದೆ. ಕಣ್ಣೊರೆಸಿಕೊಂಡದ್ದನ್ನು ಇವರು ನೋಡಿದರು.

"ನೋವಾಗಾಕತ್ತೇತೇನು?"

"ಇಲ್ರೀ. ಮನೀಗೆ ಹೋಗೂಣು, ಚಹಾ ಮಾಡ್ರಿ."

ಮುಂದಿನ ರವಿವಾರ ಪಾಟೀಲರ ಬಳಗವನ್ನೆಲ್ಲ ಮತ್ತೆ ಕರೆದೆ. ಹೋಳಿಗೆ ಮಾಡಿದೆ. ಎಲ್ಲರ ಎದುರಿಗೆ ತಪ್ಪಾಯಿತು ಎಂದೆ. ಅಂಗಡಿಯವನಿಗೂ ನಾಲ್ಕು ಹೋಳಿಗೆ ಕಳಿಸಿದೆ. ಲೂಸಿಗೆ ಒಂದು ರವಿಕೆ ಹೊಲಿದುಕೊಟ್ಟೆ, ಗಡಿಯಾರ ತೂಗುಹಾಕಲು ಆಚೆ ಕಡೆ ಮೊಳೆಯನ್ನೂ ಹೊಡೆದುಕೊಟ್ಟೆ. ನಮ್ಮ ಪುಣ್ಯ, ಈ ಸಲ ನಮ್ಮ ಮನೆಯಲ್ಲಿ ಏನೂ ಬೀಳಲಿಲ್ಲ.

ಈಗ ದಿನವೂ ನಾನು ಹೊಲಿಯಲು ಕೂತ ಕೂಡಲೇ ಎಡಗಡೆಯಿಂದ "ಚಹಾ ಮಾಡ್ಲೇನು?" ಎನ್ನುವ ದನಿ ಬರುತ್ತದೆ. ಬಂದೇ ಬರುತ್ತದೆ. ಆಮೇಲೆ ಚಹಾ ಬರುತ್ತದೆ. ಏನೆಂದು ಹೇಳಲಿ? ಅದರಲ್ಲಿ ಶುಂಠಿ ಬೇಕಾಬಿಟ್ಟಿ ಇರುತ್ತದೆ, ಸಕ್ಕರೆ ಇರುವುದಿಲ್ಲ, ಹಾಲು ಇದ್ದರೂ ಇರಬಹುದು. ಇವರು ಪಕ್ಕದಲ್ಲೇ ನಿಂತು, "ಹೆಂಗಾಗೇತಿ?" ಎನ್ನುತ್ತಾರೆ. ಕೇಳಿಸಲಿಲ್ಲ ಎನ್ನುವ ಹಾಗೂ ಇಲ್ಲ!

ಹೊಚ್ಚ ಹೊಸ ಸ್ಪೀಕರಿನಲ್ಲಿ ಇಲ್ಲದ ತಪ್ಪು ಹುಡುಕಿ ಊರೆಲ್ಲ ಸಾರಿದವಳು ನಾನು. ಒಂದು ಕಪ್ ಚಹಾದಲ್ಲಿ ಕಣ್ಣಿಗೆ ಕಾಣುವ ತಪ್ಪು ಹೇಳಲು ಬಾಯಿ ಬರುತ್ತಿಲ್ಲ.

"ಭಾರಿ ಆಗೇತ್ರಿ," ಎಂದು ತಳದವರೆಗೂ ಕುಡಿಯುತ್ತೇನೆ.