ಕೊನೆಯ ದೃಶ್ಯದ ಲಕೋಟೆ

ನಾಟಕಕ್ಕೆ ಕೊನೆಯ ದೃಶ್ಯವೇ ಇರಲಿಲ್ಲ. ಪೊಲೀಸ್ ಕೇಂದ್ರ ಕಚೇರಿಯ ಟೈಪಿಸ್ಟ್ ಅಂದು ಪಟ್ಟ ಪಾಡಿಗೆಲ್ಲ ಅದೇ ಕಾರಣ.

ಇಪ್ಪತ್ತೆರಡು ವರ್ಷ ಇಲಾಖೆಯನ್ನು ನಡುಗಿಸಿದ ದೊಡ್ಡ ಸಾಹೇಬರು ಅಂದು ನಿವೃತ್ತರಾಗುತ್ತಿದ್ದರು. ಅವರ ಜೀವನವನ್ನೇ ನಾಟಕವಾಗಿ ಬರೆದು, ಸಾಹೇಬರ ಪಾತ್ರವನ್ನೂ ತಾನೇ ಹಾಕಿ, ಸಂಜೆ ಅವರೆದುರಿಗೇ ಆಡುತ್ತೇನೆಂದು ಟೈಪಿಸ್ಟ್ ಹಠ ಹಿಡಿದಿದ್ದ. ಕಚೇರಿಯಲ್ಲಿ ಈವರೆಗೆ ಯಾರೂ ಅವನನ್ನು ಲೆಕ್ಕಕ್ಕಿಟ್ಟವರಲ್ಲ. ಇವತ್ತೊಂದು ದಿನವಾದರೂ ಎಲ್ಲರೂ ತನ್ನನ್ನು ತಲೆಯೆತ್ತಿ ನೋಡಬೇಕು ಎಂಬುದು ಪಾಪ ಅವನ ಆಸೆ.

ಸಾಹೇಬರ ಮಾತು ಕಡಿಮೆ, ಬೀರು ದೊಡ್ಡದು. ಅದರೊಳಗೆ ಕಚೇರಿಯ ಪ್ರತಿಯೊಬ್ಬರ ಗುಟ್ಟಿಗೂ ಒಂದೊಂದು ಫೈಲು. ಆದರೆ ಅವರ ಕಿವಿಗೆ ಸುದ್ದಿ ಮುಟ್ಟಿಸುತ್ತಿದ್ದವನು ಯಾರು? ಅದು ಗೊತ್ತಾಗದೆ ನಾಟಕ ಮುಗಿಯುವಂತಿರಲಿಲ್ಲ.

"ರೀ, ಆ ತಂಟೆ ನಿಮಗ್ಯಾಕೆ? ಎಲ್ರಿಗೂ ಕೈ ಮುಗಿದು ಪರದೆ ಎಳೀರಿ," ಎಂದಳು ಹೆಂಡತಿ, ಅಂಟು ಮೀಸೆ ಕತ್ತರಿಸುತ್ತ.

"ಆಗಲ್ಲ ಕಣೇ. ಹೆಸರು ಹೇಳ್ದೆ ಪರದೆ ಎಳೆಯೋ ಮಾತೇ ಇಲ್ಲ!"

ಬೆಳಿಗ್ಗೆ ಹತ್ತಕ್ಕೆ ಎಂದಿನಂತೆ ಕಾಗದಗಳಿಗೆ ಸಹಿ ಹಾಕಿಸಲು ಹೋದವನು ಸಾಹೇಬರನ್ನು ಕೇಳಿಯೇಬಿಟ್ಟ. ಅವರು ಅವನನ್ನು ಒಂದು ನಿಮಿಷ ದಿಟ್ಟಿಸಿದರು. ಚೀಟಿಯಲ್ಲಿ ಏನೋ ಗೀಚಿ, ಲಕೋಟೆಗೆ ಹಾಕಿ, ಅರಗಿನ ಮುದ್ರೆ ಒತ್ತಿದರು.

"ಸ್ಟೇಜ್ ಮೇಲೇ ಒಡೀಬೇಕು. ಹ್ಞೂಂ, ಮತ್ತೇನಯ್ಯಾ ವಿಶೇಷ?"

ಸಹಿ ಹಾಕುತ್ತ ಅವರು ದಿನಾ ಕೇಳುವ ಮಾತು. ಅಷ್ಟು ದೊಡ್ಡವರು ತನ್ನನ್ನು ವಿಚಾರಿಸಿಕೊಳ್ಳುತ್ತಾರಲ್ಲ ಎಂದು ಟೈಪಿಸ್ಟ್ ದಿನಾ ಉಬ್ಬಿಹೋಗುತ್ತಿದ್ದ.

"ಏನಿಲ್ಲ ಸಾರ್. ಹೆಡ್ ಕ್ಲರ್ಕು ನಾಟಕದ ಮಾತು ಉರು ಹೊಡೀತೀನಿ ಅಂತ ನಿನ್ನೆ ರೆಕಾರ್ಡ್ ರೂಮಿಗೆ ಹೋಗಿ, ಸಂಜೆ ತನಕ ಗೊರಕೆ ಹೊಡೆದ್ರು ಅಷ್ಟೇ!"

ಹನ್ನೊಂದಕ್ಕೆ ಹೆಡ್ ಕ್ಲರ್ಕ್ ಕೈಗೆ ಮೆಮೋ ಬಂತು.

"ಕಡೇ ದಿನಾನೂ ಬಿಡ್ಲಿಲ್ವಲ್ರೀ!" ಅವರು ಕೆಂಡವಾದರು. "ಅವನ್ಯಾರು ಅಂತ ಗೊತ್ತಾಗ್ಲಿ, ಚರ್ಮ ಸುಲೀತೀನಿ!"

"ಸಂಜೆ ಹೆಸರು ಓದ್ತೀನಿ ಸಾರ್," ಎಂದು ಟೈಪಿಸ್ಟ್ ಲಕೋಟೆ ಝಳಪಿಸಿದ.

ಅಲ್ಲಿಂದ ಅವನಿಗೆ ಉಸಿರಾಡಲು ಬಿಡುವಿಲ್ಲ. ಜೀಪಿನ ಡ್ರೈವರ್ ಲಕೋಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕ್ಯಾಂಟೀನಿನವನು ಅದನ್ನು ಟೀ ಕೆಟಲಿನ ಹಬೆಗೆ ಒಡ್ಡಿದ. ಕಿತ್ತಾಟದಲ್ಲಿ, ಸಂಜೆಯ ವೇಷಕ್ಕೆಂದು ಟೈಪಿಸ್ಟ್ ಅಂಟಿಸಿಕೊಂಡಿದ್ದ ಮೀಸೆಯ ಅರ್ಧ ಟೀಗೆ ಬಿತ್ತು. ಅವನು ಜಗ್ಗಲಿಲ್ಲ. ಲಕೋಟೆಯನ್ನು ಬನಿಯನ್ನಿನೊಳಗೆ ತುರುಕಿಕೊಂಡು, ಉಳಿದರ್ಧ ಮೀಸೆಯಲ್ಲೇ ಸ್ಟೇಜ್ ಹತ್ತಿದ.

ಸಭಾಂಗಣ ಕಿಕ್ಕಿರಿದಿತ್ತು. ರಜೆಯಲ್ಲಿದ್ದವರೂ ಬಂದಿದ್ದರು.

"ಹೆಸರು ಓದಿದ ತಕ್ಷಣ ಆ ಕಳ್ಳ ಓಡಿಹೋಗ್ಬಾರ್ದು. ಬಾಗಿಲು ಹಾಕ್ರಪ್ಪಾ!" ಎಂದು ಟೈಪಿಸ್ಟನೇ ಸ್ಟೇಜ್ ಮೇಲಿಂದ ಅಪ್ಪಣೆ ಕೊಟ್ಟ. ಡ್ರೈವರ್ ಚಿಲಕ ಜಡಿದು ಬಾಗಿಲಿಗೇ ಬೆನ್ನು ಕೊಟ್ಟು ನಿಂತ.

ಟೈಪಿಸ್ಟ್ ಮುದ್ರೆ ಒಡೆದು, ಎದೆಯುಬ್ಬಿಸಿ, ಗೋಡೆ ಅದುರುವಂತೆ ಓದತೊಡಗಿದ.

"ನನಗೆ ಸುದ್ದಿ ಕೊಡುತ್ತಿದ್ದವನು... ದಿನಾ ಬೆಳಿಗ್ಗೆ ಹತ್ತಕ್ಕೆ... ಸಹಿಗೆ ಕಾಗದ ತರುವ... ನಮ್ಮ..."

ಧ್ವನಿ ಅಲ್ಲಿಗೆ ನಿಂತಿತು. ಉಳಿದ ಒಂದು ಪದವನ್ನು ಅವನು ಓದಬೇಕಾಗಿಯೇ ಇರಲಿಲ್ಲ.

ಹೆಡ್ ಕ್ಲರ್ಕ್ ತೋಳೇರಿಸುತ್ತ ಎದ್ದರು. ಕ್ಯಾಂಟೀನಿನವನು ಎದ್ದ. ಒಬ್ಬೊಬ್ಬರಾಗಿ ಇಡೀ ಕಚೇರಿಯೇ ಎದ್ದು ನಿಂತು, ಟೈಪಿಸ್ಟನನ್ನು ತಲೆಯೆತ್ತಿ ನೋಡಿತು.

ಮುಂದಿನ ಸಾಲಿನಲ್ಲಿ ಕೂತಿದ್ದ ದೊಡ್ಡ ಸಾಹೇಬರು ಮಾತ್ರ ಏಳಲಿಲ್ಲ. ಕಾಲ ಮೇಲೆ ಕಾಲು ಹಾಕಿಕೊಂಡು ಅಕ್ಕರೆಯಿಂದ ಕೇಳಿದರು:

"ಮತ್ತೇನಯ್ಯಾ ವಿಶೇಷ?"