ಕಂಟ್ರೋಲ್ ಅವರೆ

ಸರ್ಕಾರದ ಕಾಗದ ಕಚೇರಿಯಿಂದ ಹೊರಡುವಾಗ ಒಂದು ಅರ್ಥ, ಹೊಲ ಮುಟ್ಟುವಷ್ಟರಲ್ಲಿ ಇನ್ನೊಂದು. ಬೆಳೆ ಸಂಶೋಧನೆಯ ಕೆಲಸದಲ್ಲಿ ಇದ್ದಷ್ಟು ದಿನವೂ ನನಗೆ ಇದು ತಪ್ಪಲಿಲ್ಲ.

ಆಗ ನಾನು ಮಾಗಡಿ ಕಡೆ ಹಂಗಾಮಿ ಕ್ಷೇತ್ರ ಸಹಾಯಕ. ಕಾಯಿಕೊರಕ ಹುಳ ಹತ್ತದ ಅವರೆ ತಳಿ ಹುಡುಕಲು ಸರ್ಕಾರ ಮೂರು ವರ್ಷದ ಅನುದಾನ ಕೊಟ್ಟಿತ್ತು. ಕೊನೆಯ ವರ್ಷ ಫಲಿತಾಂಶ ತೋರಿಸದಿದ್ದರೆ ಯೋಜನೆಗೂ ನನ್ನ ಕೆಲಸಕ್ಕೂ ಮಂಗಳ.

ಹುಳ ಸಾಕಣೆ

ಗುಡೇಮಾರನಹಳ್ಳಿಯ ಒಬ್ಬ ಅಮ್ಮ ಪ್ರಯೋಗಕ್ಕೆ ಹೊಲ ಕೊಟ್ಟರು. ಹೊಸ ತಳಿಯ ಪಕ್ಕ ನಾಟಿ ಅವರೆಯನ್ನೂ ಹಾಕಬೇಕು, ಎರಡಕ್ಕೂ ಔಷಧಿ ಹೊಡೆಯಬಾರದು ಎಂದೆ.

"ಹುಳ ಬಿದ್ರೆ?"

"ಬೀಳಲಿ ಬಿಡಿ ಅಮ್ಮ, ಲೆಕ್ಕ ಹಾಕೋಣ."

"ರೇಷ್ಮೆ ಹುಳ ಸಾಕಿ ಅಂದ್ರಿ, ಸಾಕುದ್ವಿ. ಈಗ ಅವರೆ ಹುಳನೂ ಸಾಕ್ಬೇಕಾ? ಸರಿ, ಇದು ಗೂಡು ಯಾವಾಗ ಕಟ್ತದೆ?"

ಸೊಗಡು

ನನ್ನ ನಮೂನೆಯಲ್ಲಿ ಕಾಯಿಯ ಉದ್ದ, ತೂಕ, ಕಾಳಿನ ಸಂಖ್ಯೆ ಎಲ್ಲಕ್ಕೂ ಕಾಲಂ ಇತ್ತು. ಅಮ್ಮ ಕೇಳಿದರು, "ಸೊಗಡು ಎಲ್ಲಿ ಬರ್ದೆ?"

"ಅದಕ್ಕೆ ಕಾಲಂ ಇಲ್ಲ ಅಮ್ಮ."

"ಸೊಗಡಿಲ್ದಿರೋ ಅವರೆ ಯಾರ್ ತಿಂತಾರೆ? ಬರ್ಕೊ."

'ಸೊಗಡು ಚೆನ್ನಾಗಿದೆ' ಎಂದು ಷರಾ ಬರೆದೆ. 'ಪ್ರಮಾಣ ನಮೂದಿಸಿ' ಎಂದು ಕಚೇರಿಯಿಂದ ವಾಪಸ್ ಬಂತು. ಅಮ್ಮ ಹೊಸ ತಳಿಯ ಕಾಳು ಬಿಡಿಸಿ ಸಾರಿಗಿಟ್ಟು, ಜಗಲಿ ಮೇಲೆ ಕುಳಿತರು. ಪಕ್ಕದ ಮನೆಯಾಕೆ, ಎದುರು ಮನೆಯಾಕೆ, ಆಚೆ ಮನೆಯಾಕೆ ಒಬ್ಬರ ಹಿಂದೆ ಒಬ್ಬರು, "ಏನಕ್ಕಾ, ಅವರೆಕಾಳು ಸಾರಾ?" ಎಂದು ಇಣುಕಿದರು.

'ಸೊಗಡು: ಮೂರು ಮನೆ' ಎಂದು ಬರೆದು ಕಳಿಸಿದೆ. ಕಚೇರಿ ಒಪ್ಪಿಕೊಂಡಿತು.

ಬೋರ್ಡು

ಹೋಲಿಕೆಗೆಂದು ಬಿತ್ತುವ ಸಾಲುಗಳಿಗೆ ನಮ್ಮ ಇಲಾಖೆಯಲ್ಲಿ 'ಕಂಟ್ರೋಲ್' ಎನ್ನುತ್ತಾರೆ. ನಾಟಿ ಅವರೆ ಸಾಲಿನ ಮುಂದೆ ನಾನೇ ಅಂದವಾಗಿ 'ಕಂಟ್ರೋಲ್' ಎಂದು ಬೋರ್ಡು ಬರೆದು ನೆಟ್ಟಿದ್ದೆ. ಊರಲ್ಲಿ ರೇಷನ್ ಅಂಗಡಿಗೂ ಕಂಟ್ರೋಲ್ ಎಂದೇ ಹೆಸರು ಎನ್ನುವುದು ನನಗೆ ಹೊಳೆಯಲೇ ಇಲ್ಲ.

ದೊಡ್ಡ ಅಧಿಕಾರಿ ತನಿಖೆಗೆ ಬರುವ ದಿನ ನಾನು ಮುಂಚೆಯೇ ಹೋದೆ. ಹೊಸ ತಳಿ ತುಂಬಿ ನಿಂತಿತ್ತು. ಕಂಟ್ರೋಲ್ ಸಾಲಿನಲ್ಲಿ ಒಂದು ಕಾಯಿಯೂ ಇಲ್ಲ!

"ಊರೋರೆಲ್ಲ ಕಾರ್ಡ್ ಹಿಡ್ಕಂಡ್ ಬಂದ್ರು, ಕೊಟ್ಬುಟ್ಟೆ," ಎಂದರು ಅಮ್ಮ. ಹೋಲಿಸಲು ಏನೂ ಇಲ್ಲದಿದ್ದರೆ ಮೂರು ವರ್ಷದ ದುಡಿಮೆ ನೀರುಪಾಲು. ಅಷ್ಟರಲ್ಲಿ ಜೀಪೂ ಬಂತು. ತೊದಲುತ್ತಾ ಎಲ್ಲ ಒಪ್ಪಿಸಿದೆ.

"ಒಟ್ಟು ಎಷ್ಟು ಬಂತು ಅಂತ ಗೊತ್ತಾ?" ಅಧಿಕಾರಿ ಅಮ್ಮನನ್ನು ಕೇಳಿದರು.

"ಕಂಟ್ರೋಲ್ ಅಂದ್ಮೇಲೆ ತೂಗ್ದೆ ಕೊಡಕ್ಕಾಯ್ತದಾ ಸಾ?" ಅಮ್ಮ ಚೀಟಿ ತಂದರು. ಮನೆಮನೆಗೆ ಕೊಟ್ಟ ತೂಕವೆಲ್ಲ ಅದರಲ್ಲಿತ್ತು. "ಹುಳುಕು ಅಂತ ಅರ್ಧಕ್ಕರ್ಧ ವಾಪಸ್ ತಂದ್ರು. ಅದುನ್ನೂ ತೂಗಿವ್ನಿ."

ಇಳುವರಿ ಎಷ್ಟು, ಹುಳ ತಿಂದದ್ದೆಷ್ಟು, ನನ್ನ ನಮೂನೆ ಕೇಳುವುದೆಲ್ಲ ಆ ಚೀಟಿಯಲ್ಲಿತ್ತು. ಅಧಿಕಾರಿ ಹೊಸ ತಳಿಯ ಕಾಯಿ ಸುಲಿದು ನೋಡಿದರು, ಹುಳವಿಲ್ಲ. ಯೋಜನೆ ಮುಂದುವರಿಸಲು ಅಲ್ಲೇ ಶಿಫಾರಸು ಬರೆದರು. ನನಗೆ ಅಮ್ಮನ ಕಾಲಿಗೆ ಬೀಳುವಷ್ಟು ಸಂತೋಷ.

ಜೀಪು ಹತ್ತುವಾಗ ಅಧಿಕಾರಿ ನಗುತ್ತಾ ಕೇಳಿದರು, "ಹುಳ ಇದೆ ಅಂತ ಜನ ಜಗಳ ಆಡಲಿಲ್ಲವಾ?"

"ಆಡುದ್ರು ಸಾ. ಕಂಟ್ರೋಲ್ ಮಾಲು ಯಾವತ್ತು ಹುಳ ಇಲ್ದೆ ಬಂದೈತೆ ಅಂದೆ, ಸುಮ್ಕಾದ್ರು."