ಕೊನೆಯ ಹತ್ತು ಪುಟ

ಚಿಕ್ಕಂದಿನಲ್ಲಿ ಜೀವಕ್ಕೆ ಜೀವ ಎಂದುಕೊಂಡಿದ್ದ ಪುಸ್ತಕವನ್ನು ಐವತ್ತು ದಾಟಿದ ಮೇಲೆ ಮತ್ತೆ ಓದಬಾರದು. ನಾನು ಓದಿದೆ, ಕೆಟ್ಟೆ. ಅದೊಂದು ಮಾಯಾಮಂತ್ರದ ಕಾದಂಬರಿ. ಹಾರುವ ಕುದುರೆ, ಏಳು ಗುಹೆ, ಮಾಂತ್ರಿಕನ ಸೆರೆಯಲ್ಲಿ ರಾಜಕುಮಾರಿ. ಕೊಣ್ಣೂರಿನ ನಮ್ಮ ಮನೆಯಲ್ಲಿದ್ದ ಪ್ರತಿಗೆ ಕೊನೆಯ ಹತ್ತು ಪುಟಗಳೇ ಇರಲಿಲ್ಲ. ಆ ಕೊರತೆಯನ್ನು ಅಕ್ಕ ಬಾಯಿಂದಲೇ ತುಂಬುತ್ತಿದ್ದಳು: ಕುದುರೆ ಘಟಪ್ರಭೆಯ ನೀರು ಕುಡಿದು ಮುಪ್ಪಾಗುತ್ತದೆ, ರೆಕ್ಕೆ ಉದುರುತ್ತವೆ, ರಾಜಕುಮಾರಿ ಅದರ ಕಿವಿಯಲ್ಲಿ ಒಂದು ಮಾತು ಹೇಳುತ್ತಾಳೆ. ಆ ಮಾತಿಗೆ ನಾನು ಪ್ರತಿ ಸಲವೂ ಅಳುತ್ತಿದ್ದೆ.

ಹೋದ ತಿಂಗಳು ಗೋಕಾಕದ ಹಳೆ ಪುಸ್ತಕದಂಗಡಿಯಲ್ಲಿ ಅದರ ಪೂರ್ತಿ ಪ್ರತಿ ಸಿಕ್ಕಿತು. ರವಿವಾರ ಚಹಾ ಇಟ್ಟುಕೊಂಡು ಕೂತೆ. ಮೂರನೇ ಪುಟಕ್ಕೇ ರಾಜಕುಮಾರ ಪೆದ್ದನೆಂದು ಗೊತ್ತಾಯಿತು. ಹೇಳದೆ ಕೇಳದೆ ಮಂದಿಯ ಗುಹೆಗೆ ನುಗ್ಗುತ್ತಾನೆ. ನನಗೋ ಮಾಂತ್ರಿಕನದೇ ಚಿಂತೆ. ಪಾಪ, ಒಂಟಿ ಮುದುಕ. ಏಳು ಗುಹೆಗಳ ಕಸ ಗುಡಿಸುವವರು ಯಾರು? ಮಂಡಿನೋವು ಇರದೇ ಇದ್ದೀತೇ? ಹಾರುವ ಕುದುರೆ ಬಂದಾಗಲಾದರೂ ಎದೆ ಝಲ್ಲೆನ್ನಲಿ ಎಂದು ಆ ಪುಟವನ್ನು ಎರಡೆರಡು ಸಲ ಓದಿದೆ. ಆಕಳಿಕೆ ಬಂತು. ನನ್ನ ಮುಖ ನೋಡಿ ಹೆಂಡತಿ, "ಯಾಕ್ರಿ, ಯಾರರೆ ತೀರಿಕೊಂಡ್ರೇನು?" ಎಂದಳು.

ಕೊನೆಯ ಹತ್ತು ಪುಟಗಳಲ್ಲಿ ಎಂಟು ಪುಟ ಮದುವೆಯ ಮೆರವಣಿಗೆ, ಎರಡು ಪುಟ ಊಟ. ಕುದುರೆ ಎಲ್ಲಿ ಹೋಯಿತೆಂದು ಒಂದಕ್ಷರವಿಲ್ಲ.

ಮರುದಿನವೇ ಬಸ್ಸು ಹತ್ತಿ ಯಮಕನಮರಡಿಗೆ, ಅಕ್ಕನ ಮನೆಗೆ ಹೋದೆ. ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದಳು.

"ಅಕ್ಕಾ, ಆ ಕುದುರಿ ಕತ್ಯಾಗ ಕಡೀಕ ಏನಾತು, ಇನ್ನೊಮ್ಮಿ ಹೇಳು."

"ಯಾವ ಕುದುರಿ?"

ಎಲ್ಲ ಬಿಡಿಸಿ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ. "ಅಯ್ಯ ತಮ್ಮಾ, ಆ ಪುಟ ಹರದು ಒಲಿ ಹಚ್ಚಿದಾಕಿ ನಾನ. ನೀ ಅವ್ವಗ ಹೇಳ್ತೀ ಅಂತ ಅಂಜಿ ಬಾಯಿಗೆ ಬಂದದ್ದು ಹೇಳಿರಬೇಕು. ಖರೇನ ನನಗೇನೂ ನೆನಪಿಲ್ಲ."

ಹಾಗಾದರೆ ಆ ಕತೆ ಈಗ ಉಳಿದಿರುವುದು ನನ್ನೊಬ್ಬನ ತಲೆಯಲ್ಲಿ ಮಾತ್ರ ಎಂದು ಹೊಳೆಯಿತು.

"ಹಂಗಾರ ನೀನ ಹೇಳು, ಕೇಳೂಣು," ಎಂದಳು.

ಹೇಳಿದೆ. ಕುದುರೆ ನೀರು ಕುಡಿಯಿತು. ಮುಪ್ಪಾಯಿತು. ರೆಕ್ಕೆ ಉದುರಿದವು. ರಾಜಕುಮಾರಿ ಅದರ ಕಿವಿಯ ಹತ್ತಿರ ಬಗ್ಗಿದಳು. ಅಕ್ಕನ ಕೈ ನಿಂತೇಬಿಟ್ಟಿತು.

"ಏನಂದ್ಳೋ?"

ಎಷ್ಟು ತಡಕಾಡಿದರೂ ಆ ಮಾತು ಸಿಗಲಿಲ್ಲ. ಅತ್ತದ್ದು ನೆನಪಿದೆ, ಯಾಕೆಂದು ನೆನಪಿಲ್ಲ.

ಅಕ್ಕ ಶೇಂಗಾದ ಬುಟ್ಟಿಯನ್ನು ನನ್ನ ಕಡೆ ಸರಿಸಿ, "ಹೋಗ್ಲಿ ಬಿಡು. ಬಂದೀಯಂದ ಮ್ಯಾಲೆ ಇಷ್ಟು ಸುಲಿ," ಎಂದಳು.

ಸುಲಿದೆ.